ಬಲತಿರುವಿನಲ್ಲಿ ಮಾತ್ರ: ಒಂದು ಹಳೆ ಪದ್ಮಿನಿಯ ಪ್ರಕರಣ

ಇದು ಒಂದೇ ಒಂದು ಗಾಡಿಯ ಕತೆ. ಪ್ರೀಮಿಯರ್ ಪದ್ಮಿನಿ. ಓಡಿಸುವವರು ಗಾಡಿಯ ಮಾಲೀಕರೇ, ಶಿರಸಿ ಕಡೆಯ ಅಡಿಕೆ ತೋಟದವರು. ನಾನು ಅವರ ಪಕ್ಕ ಕೂತು ದಾರಿ ಹೇಳುವವನು, ಸಮಯ ಬರೆದುಕೊಳ್ಳುವವನು. ತಿರುವಿನಲ್ಲಿ ಗಾಡಿ ತುಂಬಾ ವಾಲುತ್ತದೆ ಅನ್ನುವ ಒಂದು ದೂರಿನ ಹಿಂದೆ ನಾವು ಹತ್ತು ತಿಂಗಳು ಅಲೆದೆವು. ಹಣ ಖರ್ಚಾಯಿತು, ಒಮ್ಮೆ ಗಾಡಿ ಚರಂಡಿಗೂ ಇಳಿಯಿತು. ಹಳೆ ಗಾಡಿ ಇಟ್ಟುಕೊಂಡು ಆಟೊಕ್ರಾಸ್, ರ‍್ಯಾಲಿ ಅಂತ ಓಡಾಡುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ. ಮಾಲೀಕರ ಒಪ್ಪಿಗೆ ಇದೆ. ಯಾರ ಹೆಸರೂ ಹಾಕಿಲ್ಲ, ಯಾರು ಅಂತ ಗೊತ್ತಾಗುವ ಒಂದೆರಡು ವಿವರ ಬದಲಿಸಿದ್ದೇನೆ. ಗಾಡಿಯ ವಿಷಯದಲ್ಲಿ ಏನನ್ನೂ ಬದಲಿಸಿಲ್ಲ.

ಗಾಡಿ ಎಂಥದು, ಎಲ್ಲಿಂದ ಬಂತು

ಪದ್ಮಿನಿಯ ಮೂಲ ಇಟಲಿಯ ಫಿಯಟ್ 1100. ಆ ವಿನ್ಯಾಸ ಅಲ್ಲಿ 1953ರಲ್ಲಿ ಬಂದದ್ದು. ನಮ್ಮಲ್ಲಿ ಅದನ್ನು ಮುಂಬೈನ ಕುರ್ಲಾದಲ್ಲಿ ತಯಾರು ಮಾಡುತ್ತಿದ್ದರು. 1089 ಸಿಸಿ ಎಂಜಿನ್, ಎಳೆಯುವುದು ಹಿಂದಿನ ಚಕ್ರ, ನಾಲ್ಕೂ ಕಡೆ ಡ್ರಮ್ ಬ್ರೇಕ್. ನಮ್ಮ ಗಾಡಿಯಲ್ಲಿ ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಇದೆ, ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನ ತನಕ ಒಂದೇ ಉದ್ದ ಬೆಂಚು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮುಂದೆ ಕಾಯಿಲ್ ಸ್ಪ್ರಿಂಗ್, ಪ್ರತಿ ಚಕ್ರಕ್ಕೆ ಮೇಲೊಂದು ಕೆಳಗೊಂದು ವಿಶ್‌ಬೋನ್, ಅಂದರೆ ಚಕ್ರವನ್ನು ಬಾಡಿಗೆ ಸೇರಿಸುವ ಕವೆಯಾಕಾರದ ತೋಳು. ಹಿಂದೆ ಒಂದೇ ಗಟ್ಟಿ ಆಕ್ಸಲ್, ಅದನ್ನು ಹಿಡಿದುಕೊಂಡಿರುವುದು ಎರಡು ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಪಾಟಾ ಬರೀ ಭಾರ ಹೊರುವುದಲ್ಲ, ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ತಡೆಯುವುದೂ ಅದೇ. ಖಾಲಿ ಗಾಡಿಯ ತೂಕ ಸುಮಾರು 895 ಕೆಜಿ. ಬೇರೆ ಚಾಸಿ ಅಂತ ಇಲ್ಲ. ಬಾಡಿಯೇ ಚಾಸಿ. ತಗಡು ಹೋದರೆ ಎಲ್ಲಾ ಹೋಯಿತು.

ಈ ಗಾಡಿ ತೊಂಬತ್ತರ ದಶಕದ ಆರಂಭದ್ದು. ಮಾಲೀಕರು ತಗೊಂಡದ್ದು ಕಾರವಾರದಿಂದ. ಅಲ್ಲಿ ಸಮುದ್ರಕ್ಕೆ ಹತ್ತಿರದ ಒಂದು ಮನೆಯಲ್ಲಿ ಹನ್ನೆರಡು ವರ್ಷ ಸುಮ್ನೆ ನಿಂತಿತ್ತು. ಚಪ್ಪರದ ಅಡಿಯಲ್ಲಿ ಇಟ್ಟಿದ್ದರು, ಆದರೆ ಚಪ್ಪರ ಚಿಕ್ಕದು, ಎಡಗಡೆ ಹಿಂಭಾಗ ಹೊರಗೆ ಉಳಿಯುತ್ತಿತ್ತಂತೆ. ಕೆಎ 30ರ ಗಾಡಿ ಕೆಎ 31ರ ಊರಿಗೆ ಬಂತು ಅಂತ ಮಾಲೀಕರು ಎಲ್ಲರಿಗೂ ಖುಷಿಯಿಂದ ಹೇಳುತ್ತಿದ್ದರು. ಎಂಜಿನ್ ಬಿಚ್ಚಿಸಿದರು, ಸೀಟಿನ ಬಟ್ಟೆ ಹೊಸದು ಹಾಕಿಸಿದರು, ಪೇಂಟ್ ಹೊಡೆಸಿದರು. ಅಡಿಭಾಗಕ್ಕೆ ತುಕ್ಕು ಹಿಡಿಯಬಾರದು ಅಂತ ದಪ್ಪ ಕಪ್ಪು ಡಾಂಬರು ಬಣ್ಣ ಬಳಿಸಿದರು. ಪಾಟಾಕ್ಕೆ ಹೊಸ ರಬ್ಬರ್ ಬುಷ್ ಕೂಡ ಹಾಕಿಸಿದ್ದರು. ಹಳೆಯ ಟೈರ್ ತೆಗೆದು ರೇಡಿಯಲ್ ಹಾಕಿಸಿದರು.

ಕಾರವಾರದ ಉಪ್ಪು ಗಾಳಿ ತಗಡಿಗೆ ಏನು ಮಾಡುತ್ತದೆ ಅಂತ ಕರಾವಳಿಯವರಿಗೆ ಯಾರೂ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ನಮಗೆ ಅದರ ಅಂದಾಜು ಇರಲಿಲ್ಲ. ನಮ್ಮ ಕಡೆ ಮಳೆ ಜಾಸ್ತಿ, ಆದರೆ ಮಳೆ ನೀರಿನಲ್ಲಿ ಉಪ್ಪಿಲ್ಲ.

ದೂರು ಏನಿತ್ತು

ಮೊದಲ ಸಲ ಓಡಿಸಿದ್ದು ಜನವರಿಯಲ್ಲಿ. ಗೆಳೆಯರೇ ಸೇರಿ ಕುಮಟಾ ಕಡೆಯ ಒಂದು ಚಿರೇಕಲ್ಲಿನ ಬಯಲಿನಲ್ಲಿ ಕೋನ್ ಇಟ್ಟು ನಡೆಸಿದ ಆಟೊಕ್ರಾಸ್. ಒಂದು ಸಲಕ್ಕೆ ಒಂದೇ ಗಾಡಿ, ಗಡಿಯಾರದ ವಿರುದ್ಧ ಓಟ. ಕೆಳಗೆ ಗಟ್ಟಿ ಕಲ್ಲು, ಮೇಲೆ ಸಣ್ಣ ಕೆಂಪು ಹರಳು. ಜಾರುವ ನೆಲ, ಆದರೆ ಜಾರಿದರೂ ಹೊಡೆಯಲು ಏನೂ ಇಲ್ಲ. ಹೊಸಬರಿಗೆ ಒಳ್ಳೆಯ ಜಾಗ.

ಗಾಡಿ ವಾಲಿತು. ಹೊರಗಿನಿಂದ ನೋಡಿದವರು ಪಲ್ಟಿ ಆಗುತ್ತದೆ ಅಂತ ಕೂಗಿದರು. ಫೋಟೊದಲ್ಲಿ ನೋಡಿದರೆ ಒಳಗಡೆಯ ಮುಂಚಕ್ರ ನೆಲಕ್ಕೆ ಸುಮ್ನೆ ತಾಗಿದ ಹಾಗಿದೆ, ಹೊರಗಡೆಯ ಮಡ್‌ಗಾರ್ಡ್ ಟೈರಿನ ಮೇಲೆ ಕೂತ ಹಾಗಿದೆ. ಆಮೇಲೆ ಫೋಟೊದ ಮೇಲೆ ಗೆರೆ ಎಳೆದು ಅಳೆದಾಗ ವಾಲಾಟ ಸುಮಾರು 6 ಡಿಗ್ರಿ ಬಂತು. ಎಡಬಲ ಚಕ್ರಗಳ ನಡುವಿನ 123 ಸೆಂಟಿಮೀಟರ್ ಅಗಲಕ್ಕೆ 6 ಡಿಗ್ರಿ ಅಂದರೆ ಎಡಬಲದ ನಡುವೆ ಹದಿಮೂರು ಸೆಂಟಿಮೀಟರ್ ಎತ್ತರದ ವ್ಯತ್ಯಾಸ. ಒಳಗೆ ಕೂತವರಿಗೆ ಇದು ಇನ್ನೂ ದೊಡ್ಡದಾಗಿ ಅನ್ನಿಸುತ್ತದೆ.

ಅವತ್ತು ಸಂಜೆ ಮಾಲೀಕರು ಹೇಳಿದ್ದು ಎರಡು ಮಾತು. ಒಂದು, ‘ಗಾಡಿ ಸಿಕ್ಕಾಪಟ್ಟೆ ವಾಲ್ತದೆ.’ ಎರಡನೆಯದು, ‘ಬಲಕ್ಕೆ ತಿರುಗಿಸುವಾಗ ವಾಲಿ ನಿಂತ ಮೇಲೆ ಇನ್ನೊಂದು ಸಲ ವಾಲಿದ ಹಾಗೆ ಆಗ್ತದೆ, ಆಗ ಬಾಲ ಬೀಸ್ತದೆ.’ ಬಾಲ ಬೀಸುವುದು ಅಂದರೆ ಗಾಡಿಯ ಹಿಂಭಾಗ ತಿರುವಿನ ಹೊರಗೆ ಜಾರುವುದು. ಎರಡನ್ನೂ ನಾನು ಪುಸ್ತಕದಲ್ಲಿ ಬರೆದುಕೊಂಡೆ. ಮೊದಲನೆಯದಕ್ಕೆ ನಾವು ಐದು ತಿಂಗಳು ಕೊಟ್ಟೆವು. ಎರಡನೆಯದನ್ನು ಓದಿ ಮುಂದೆ ಹೋದೆವು.

ಯಾಕೆ ಮುಂದೆ ಹೋದೆವು ಅನ್ನುವುದು ಮುಖ್ಯ. ನಮ್ಮ ಬಳಿ ಅದಕ್ಕೆ ಒಂದು ಉತ್ತರ ಇತ್ತು, ಅದು ಸುಳ್ಳೂ ಅಲ್ಲ. ಓಡಿಸುವವರು ಬಲಗಡೆ ಕೂರುತ್ತಾರೆ. ಎಡಕ್ಕೆ ತಿರುಗಿಸಿದರೆ ಮೈ ಬಲಕ್ಕೆ ಹೋಗಿ ಬಾಗಿಲಿಗೆ ಒರಗುತ್ತದೆ, ಬಾಗಿಲು ಹಿಡಿದುಕೊಳ್ಳುತ್ತದೆ. ಬಲಕ್ಕೆ ತಿರುಗಿಸಿದರೆ ಮೈ ಎಡಕ್ಕೆ ಜಾರುತ್ತದೆ, ಅಲ್ಲಿ ಹಿಡಿಯುವುದಕ್ಕೆ ಏನೂ ಇಲ್ಲ, ನುಣ್ಣನೆಯ ರೆಕ್ಸಿನ್ ಬೆಂಚು ಮಾತ್ರ. ಜಾರದೇ ಇರಲು ಅವರು ಸ್ಟೇರಿಂಗ್ ಹಿಡಿದು ನೇತಾಡುತ್ತಿದ್ದರು. ಹಾಗೆ ನೇತಾಡುವ ಕೈಯಿಂದ ಸ್ಟೇರಿಂಗ್ ನಯವಾಗಿ ತಿರುಗುವುದಿಲ್ಲ. ‘ಎರಡನೇ ಸಲ ವಾಲುವುದು ಗಾಡಿಯಲ್ಲ, ನೀವು’ ಅಂತ ನಾನೇ ಅವರಿಗೆ ಹೇಳಿದೆ. ಅವರು ಒಪ್ಪಿಕೊಂಡರು. ನನ್ನ ಆ ಮಾತಿನಿಂದ ನಾವು ಕಳೆದುಕೊಂಡ ಸಮಯ ಬಹಳ.

ಸೊಂಟಕ್ಕೂ ಭುಜಕ್ಕೂ ಬಿಗಿಯಾದ ಬೆಲ್ಟ್, ತೊಡೆಯ ಎರಡೂ ಪಕ್ಕ ಗಟ್ಟಿ ದಿಂಬು ಹೊಲಿಸಿದೆವು. ಖರ್ಚು ಕಡಿಮೆ, ಲಾಭ ದೊಡ್ಡದು. ಅವರ ಕೈ ಹಗುರಾಯಿತು. ಹಳೆ ಗಾಡಿ ವಾಲುತ್ತದೆ ಅಂತ ಯಾರೇ ಹೇಳಿದರೂ ಸ್ಪ್ರಿಂಗ್ ಮುಟ್ಟುವ ಮೊದಲು ಸೀಟು, ಬೆಲ್ಟ್ ನೋಡಿ ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಬಲತಿರುವಿನ ಬಾಲ ಬೀಸುವುದು ನಿಲ್ಲಲಿಲ್ಲ. ಕಡಿಮೆ ಆಯಿತು ಅಷ್ಟೇ. ಅರ್ಧ ಸರಿಯಾದ ಉತ್ತರ ಸಿಕ್ಕಿದ್ದರಿಂದ ಉಳಿದರ್ಧವನ್ನು ಹುಡುಕುವ ಕೆಲಸ ನಿಂತುಹೋಯಿತು.

ನಾವು ಮಾಡಿದ್ದು

ಫೆಬ್ರವರಿಯಲ್ಲಿ ಮುಂದಿನ ಕಾಯಿಲ್ ಸ್ಪ್ರಿಂಗ್ ಕತ್ತರಿಸಿದೆವು. ಒಂದೂವರೆ ಸುರುಳಿ. ಗಾಡಿ ಕೆಳಗೆ ಕೂತರೆ ವಾಲುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಾವೂ ನಂಬಿದೆವು. ನೋಡಲು ಚೆಂದ ಕಾಣಿಸಿತು. ಓಡಿಸಿದಾಗ ವಾಲಾಟ ಹೆಚ್ಚುಕಡಿಮೆ ಅಷ್ಟೇ ಇತ್ತು, ಆದರೆ ಈಗ ವಾಲುತ್ತಾ ವಾಲುತ್ತಾ ಹೋಗಿ ಧಡ್ ಅಂತ ನಿಲ್ಲುತ್ತಿತ್ತು. ನಿಂತ ಕೂಡಲೇ ಮೂತಿ ಹೊರಗೆ ಓಡುತ್ತಿತ್ತು.

ಇದು ಯಾಕೆ ಹೀಗೆ ಅಂತ ಆಮೇಲೆ ಕೂತು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ, ಯಾಕೆಂದರೆ ಸ್ಪ್ರಿಂಗ್ ಕತ್ತರಿಸುವುದು ನಮ್ಮ ಕಡೆ ಬಹಳ ಸಾಮಾನ್ಯ. ಎಂಟು ಸುರುಳಿ ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದನ್ನು ಕತ್ತರಿಸಿದರೆ ಅದರ ಬಿಗಿ ಹೆಚ್ಚುವುದು ಶೇಕಡಾ 14ರಷ್ಟು ಮಾತ್ರ. ಅಷ್ಟರಿಂದ ವಾಲಾಟ ನಿಲ್ಲುವುದಿಲ್ಲ. ಗಾಡಿ ಕೆಳಗಿಳಿದಾಗ ವಿಶ್‌ಬೋನ್ ತೋಳುಗಳ ಕೋನವೂ ಬದಲಾಗುತ್ತದೆ. ಬಾಡಿ ಯಾವ ಬಿಂದುವನ್ನು ಹಿಡಿದು ವಾಲುತ್ತದೋ ಅದನ್ನು ರೋಲ್ ಸೆಂಟರ್ ಅನ್ನುತ್ತಾರೆ. ತೋಳುಗಳು ಹೊರತುದಿ ಮೇಲಾಗಿ ನಿಂತರೆ ಆ ಬಿಂದು ಗಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಮೇಲಿನ ತೂಕಕ್ಕೂ ಆ ಬಿಂದುವಿಗೂ ನಡುವಿನ ದೂರ ಹೆಚ್ಚುತ್ತದೆ, ಅಂದರೆ ವಾಲಿಸುವ ಸನ್ನೆಕೋಲು ಉದ್ದವಾಗುತ್ತದೆ. ಬಿಗಿಯಿಂದ ಗಳಿಸಿದ್ದನ್ನು ಸನ್ನೆಕೋಲು ತಿಂದುಹಾಕಿತು. ಮೇಲೆ ಕೆಳಗೆ ಆಡುವ ಜಾಗವೂ ಕಡಿಮೆಯಾಗಿ ತೋಳು ಹೋಗಿ ಬಂಪ್ ಸ್ಟಾಪ್ ರಬ್ಬರಿಗೆ, ಅಂದರೆ ಅದರ ಆಟದ ಕೊನೆಯಲ್ಲಿ ತಡೆಯುವ ರಬ್ಬರಿಗೆ ಹೊಡೆಯುತ್ತದೆ. ಆ ಕ್ಷಣಕ್ಕೆ ಹೊರಗಿನ ಮುಂಚಕ್ರದ ಮೇಲೆ ಸ್ಪ್ರಿಂಗ್ ಬದಲು ಬಂಡೆ ಇಟ್ಟ ಹಾಗೆ. ಟೈರ್ ಹಿಡಿತ ಬಿಡುತ್ತದೆ.

ರೇಡಿಯಲ್ ಟೈರ್ ಕೂಡ ಇದರಲ್ಲಿ ಪಾಲುದಾರ. ಹಳೆ ಟೈರ್ ಬೇಗ ಜಾರುತ್ತಿತ್ತು, ಜಾರುವ ಟೈರ್ ಗಾಡಿಯನ್ನು ಜಾಸ್ತಿ ವಾಲಿಸುವುದಿಲ್ಲ. ಹಿಡಿತ ಹೆಚ್ಚಾದರೆ ತಿರುವಿನ ಬಲ ಹೆಚ್ಚು, ಬಲ ಹೆಚ್ಚಾದರೆ ವಾಲಾಟ ಹೆಚ್ಚು. ಒಳ್ಳೆ ಟೈರ್ ಹಾಕಿದ ಮೇಲೆ ವಾಲಾಟ ಜಾಸ್ತಿ ಆಯಿತು ಅಂದರೆ ಟೈರ್ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ.

ಮಾರ್ಚ್‌ನಲ್ಲಿ ಹಿಂದಿನ ಪಾಟಾಕ್ಕೆ ಎರಡೂ ಕಡೆ ಒಂದೊಂದು ಎಲೆ ಸೇರಿಸಿದೆವು, ಬಾಡಿಗೆ ಗಾಡಿಯವರು ಭಾರ ಹೇರುವುದಕ್ಕೆ ಮಾಡುವ ಹಾಗೆ. ಇದು ಇನ್ನೂ ಕೆಟ್ಟದಾಯಿತು. ಹಿಂಭಾಗ ಬಿಗಿಯಾದಷ್ಟೂ ಹಿಂದಿನ ಹೊರಚಕ್ರದ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಬಾಲ ಬೀಸುವುದು ಸುಲಭವಾಗುತ್ತದೆ. ಹರಳು ನೆಲದಲ್ಲಿ ಒಳಚಕ್ರ ಕುಣಿಯುತ್ತಾ ಗಾಳಿಯಲ್ಲಿ ತಿರುಗುತ್ತಿತ್ತು. ಮೊದಲು 74 ಸೆಕೆಂಡಿನಲ್ಲಿ ಮುಗಿಸುತ್ತಿದ್ದ ಸುತ್ತಿಗೆ ಈಗ 77 ಹಿಡಿಯಿತು.

ಬಾಲ ಬೀಸುತ್ತದೆ ಅಲ್ವಾ, ಹಾಗಾದರೆ ಮುಂದೆ ಬಿಗಿ ಮಾಡೋಣ ಅಂತ ಏಪ್ರಿಲ್‌ನಲ್ಲಿ ಮುಂದಿನ ಸ್ಟೆಬಿಲೈಜರ್ ಬಾರ್ ಬದಲಿಸಿದೆವು. ಎಡಬಲ ಚಕ್ರಗಳ ತೋಳನ್ನು ಒಂದಕ್ಕೊಂದು ಸೇರಿಸುವ ಸರಳು ಅದು, ಗಾಡಿ ವಾಲಿದಾಗ ತಿರುಚಿಕೊಂಡು ತಡೆಯುತ್ತದೆ. ಇದ್ದದ್ದು 16 ಮಿಲಿಮೀಟರ್ ದಪ್ಪ. ಲೇತ್ ಅಂಗಡಿಯಲ್ಲಿ 20 ಮಿಲಿಮೀಟರ್ ಸರಳು ಬಗ್ಗಿಸಿ ಮಾಡಿಸಿದೆವು. ಬರೀ ನಾಲ್ಕು ಮಿಲಿಮೀಟರ್ ಅಂತ ಅನ್ನಿಸುತ್ತದೆ. ಆದರೆ ತಿರುಚುವ ಸರಳಿನ ಬಿಗಿ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 20ನ್ನು 16ರಿಂದ ಭಾಗಿಸಿ ನಾಲ್ಕು ಸಲ ಗುಣಿಸಿ ನೋಡಿ, 2.44 ಬರುತ್ತದೆ. ಎರಡೂವರೆ ಪಟ್ಟಿನ ಹತ್ತಿರ. ಅದೂ ಮಾಮೂಲಿ ಕಬ್ಬಿಣದ ಸರಳು. ಮಾಮೂಲಿ ಉಕ್ಕಿಗೂ ಸ್ಪ್ರಿಂಗ್ ಉಕ್ಕಿಗೂ ಬಿಗಿಯಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಮಾಮೂಲಿ ಉಕ್ಕು ಜೋರಾಗಿ ತಿರುಚಿದರೆ ಹಾಗೇ ಉಳಿದುಬಿಡುತ್ತದೆ, ವಾಪಸ್ ಬರುವುದಿಲ್ಲ. ಮೂರನೇ ವಾರಕ್ಕೆ ಗಾಡಿ ನಿಂತಲ್ಲೇ ಒಂದು ಕಡೆ ಸ್ವಲ್ಪ ಓರೆಯಾಗಿ ನಿಲ್ಲತೊಡಗಿತು.

ವಾಲಾಟ ಮಾತ್ರ ಕಡಿಮೆ ಆಯಿತು. ಫೋಟೊದಲ್ಲಿ 4 ಡಿಗ್ರಿ. ನೋಡಿದವರೆಲ್ಲ ಭೇಷ್ ಅಂದರು. ಮಾಲೀಕರು ಭೇಷ್ ಅನ್ನಲಿಲ್ಲ. ‘ಈಗ ಇದು ಎಂತ ಮಾಡ್ತದೆ ಅಂತ ನಂಗೆ ಗೊತ್ತೇ ಆಗ್ತಿಲ್ಲ’ ಅಂದರು. ಮೊದಲು ವಾಲಾಟ ನೋಡಿ ಟೈರ್ ಎಷ್ಟು ಕಷ್ಟಪಡುತ್ತಿದೆ ಅಂತ ಅವರಿಗೆ ತಿಳಿಯುತ್ತಿತ್ತು. ಆ ಸೂಚನೆಯನ್ನು ನಾವು ತೆಗೆದುಹಾಕಿದ್ದೆವು, ತೊಂದರೆಯನ್ನು ಹಾಗೇ ಬಿಟ್ಟಿದ್ದೆವು.

ದೇವಿಮನೆ ಘಟ್ಟ

ಜೂನ್ ಮೊದಲ ವಾರ. ಕುಮಟಾಕ್ಕೆ ಹೋಗುತ್ತಿದ್ದೆವು, ಸ್ಪರ್ಧೆ ಏನಲ್ಲ, ಸುಮ್ನೆ ಕೆಲಸದ ಮೇಲೆ. ದೇವಿಮನೆ ಘಟ್ಟ ಇಳಿಯುವಾಗ ಮೊದಲ ಮಳೆಯ ತುಂತುರು. ಒಣಗಿದ ರಸ್ತೆಯ ಮೇಲೆ ಮೊದಲ ಹನಿ ಬಿದ್ದಾಗ ಡಾಂಬರು ಎಷ್ಟು ಜಾರುತ್ತದೆ ಅಂತ ಆ ದಾರಿಯವರಿಗೆ ಗೊತ್ತು. ವೇಗ ಮೂವತ್ತು ಇತ್ತು, ಜಾಸ್ತಿ ಇರಲಿಲ್ಲ. ಬಲತಿರುವು. ಮಾಲೀಕರು ಆಕ್ಸಿಲರೇಟರ್‌ನಿಂದ ಕಾಲು ತೆಗೆದರು, ಬ್ರೇಕ್ ಸ್ವಲ್ಪ ಒತ್ತಿದರು. ಬಾಲ ಎಡಕ್ಕೆ ಹೋಯಿತು, ತಿರುಗಿಸಿ ಹಿಡಿಯುವಷ್ಟರಲ್ಲಿ ಎಡಗಡೆಯ ಹಿಂಚಕ್ರ ಚರಂಡಿಯಲ್ಲಿತ್ತು. ಎದುರಿಗೆ ಯಾವ ಗಾಡಿಯೂ ಬರಲಿಲ್ಲ. ಇಬ್ಬರಿಗೂ ಏನೂ ಆಗಲಿಲ್ಲ. ಐದು ನಿಮಿಷದ ಹಿಂದೆ ಅದೇ ತಿರುವಿನಲ್ಲಿ ಒಂದು ಬಸ್ಸು ಹತ್ತಿ ಹೋಗಿತ್ತು. ಅದನ್ನು ನೆನೆದರೆ ನನಗೆ ಈಗಲೂ ಮೈ ತಣ್ಣಗಾಗುತ್ತದೆ.

ಅಲ್ಲೇ ನಿಂತು ಮಾಲೀಕರು ಒಂದು ತೀರ್ಮಾನ ತೆಗೆದುಕೊಂಡರು. ಕಾರಣ ಗೊತ್ತಾಗುವ ತನಕ ಈ ಗಾಡಿಗೆ ಇನ್ನೊಂದು ಸಾಮಾನು ಹಾಕುವುದಿಲ್ಲ. ಓಡಿಸುವುದೂ ಇಲ್ಲ. ಇಡೀ ಪ್ರಕರಣದಲ್ಲಿ ಅತಿ ದೊಡ್ಡ ತೀರ್ಮಾನ ಇದೇ ಅಂತ ನನ್ನ ಅಭಿಪ್ರಾಯ.

ಮೂರು ಪ್ರಶ್ನೆ

ಗಾಡಿಯನ್ನು ಎಳೆಸಿಕೊಂಡು ಹೋದದ್ದು ಕುಮಟಾದ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ. ಪದ್ಮಿನಿ ಟ್ಯಾಕ್ಸಿಗಳ ಕಾಲದಲ್ಲಿ ಕೆಲಸ ಕಲಿತವರು. ಅವರು ಸಾಮಾನು ಬಿಚ್ಚಲಿಲ್ಲ. ಚಾ ತರಿಸಿ ಕೂರಿಸಿ ಕೇಳಿದರು.

‘ಯಾವ ಬದಿಗೆ ತಿರುಗಿಸುವಾಗ?’

‘ಬಲಕ್ಕೆ.’

‘ಎಡಕ್ಕೆ ಒಂದು ಸಲವೂ ಇಲ್ವಾ?’

ನಾನು ಪುಸ್ತಕ ತೆಗೆದು ನೋಡಿದೆ. ಐದು ತಿಂಗಳಲ್ಲಿ ಬಾಲ ಬೀಸಿದ್ದನ್ನು ಹದಿನಾಲ್ಕು ಸಲ ಬರೆದುಕೊಂಡಿದ್ದೆ. ಹದಿನಾಲ್ಕೂ ಬಲತಿರುವು.

‘ಕಾಲು ಎಲ್ಲಿತ್ತು ಆಗ? ಆಕ್ಸಿಲರೇಟರ್ ಒತ್ತಿತ್ತೋ, ಬಿಟ್ಟಿತ್ತೋ?’

ಅದನ್ನು ನಾನು ಬರೆದಿರಲಿಲ್ಲ. ಮಾಲೀಕರಿಗೆ ನೆನಪಿತ್ತು. ಬಿಟ್ಟಾಗ, ಇಲ್ಲಾ ಬ್ರೇಕ್ ಮುಟ್ಟಿದಾಗ.

ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಇದು ಹುಟ್ಟಿದಾಗಿಂದ ವಾಲುವ ಗಾಡಿಯೇ ಮಾರಾಯ್ರೆ. ನಿಮಗೆ ಎಂತ ಬೇಕು ಹೇಳಿ. ವಾಲಬಾರದೋ, ಜಾರಬಾರದೋ?’

ವಾಲುವುದು ಬೇರೆ, ಜಾರುವುದು ಬೇರೆ. ನಾವು ಎರಡನ್ನೂ ಒಂದೇ ಅಂದುಕೊಂಡಿದ್ದೆವು. ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟ. ತಿರುವಿನಲ್ಲಿ ಒಳಚಕ್ರದ ಭಾರ ಹೊರಚಕ್ರಕ್ಕೆ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದಕ್ಕೆ ಬೇಕಾದದ್ದು ಗಾಡಿಯ ತೂಕ, ತಿರುವಿನ ಬಲ, ತೂಕದ ನಡುಬಿಂದು ನೆಲದಿಂದ ಎಷ್ಟು ಎತ್ತರ, ಎಡಬಲ ಚಕ್ರಗಳ ನಡುವೆ ಎಷ್ಟು ಅಗಲ, ಇಷ್ಟೇ. ನಮ್ಮಿಬ್ಬರನ್ನೂ ಸೇರಿಸಿ 1045 ಕೆಜಿ, ಎತ್ತರ 55 ಸೆಂಟಿಮೀಟರ್, ಅಗಲ 123, ತಿರುವಿನ ಬಲ ಅರ್ಧ ಜಿ, ಅಂದರೆ ಗಾಡಿಯ ತೂಕದ ಅರ್ಧದಷ್ಟು ಅಂತ ಇಟ್ಟುಕೊಂಡರೆ ಸುಮಾರು 234 ಕೆಜಿ ಬರುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗ್ ಇಲ್ಲ, ಬಾರ್ ಇಲ್ಲ. ಬಾಡಿ ವಾಲಿದ್ದರಿಂದ ಸೇರುವುದು ಬಹಳ ಸಣ್ಣ ಪಾಲು. ಅಂದರೆ ಬಾರ್ ದಪ್ಪ ಮಾಡಿ ವಾಲಾಟ ನಿಲ್ಲಿಸಿದರೂ ಆ 234 ಕೆಜಿ ಹೊರಗಡೆಗೆ ಹೋಗಿಯೇ ಹೋಗುತ್ತದೆ. ಅದರಲ್ಲಿ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಹಂಚುವುದಷ್ಟೇ ಸ್ಪ್ರಿಂಗ್ ಮತ್ತು ಬಾರ್‌ಗಳ ಕೈಯಲ್ಲಿ ಇರುವುದು. ಮುಂದೆ ಬಿಗಿ ಮಾಡಿದರೆ ಮೂತಿ ಹೊರಗೆ ಓಡುತ್ತದೆ, ಹಿಂದೆ ಬಿಗಿ ಮಾಡಿದರೆ ಬಾಲ ಬೀಸುತ್ತದೆ. ಹಾಗೆ ಹಂಚಿದ್ದು ತಪ್ಪಾಗಿದ್ದರೆ ಗಾಡಿ ಎರಡೂ ಕಡೆ ಒಂದೇ ಥರ ಬೀಸಬೇಕಿತ್ತು. ಒಂದೇ ಕಡೆ ಬೀಸುವ ಗಾಡಿಯಲ್ಲಿ ಒಂದೇ ಕಡೆ ಏನೋ ಕೆಟ್ಟಿದೆ.

ಮೇಸ್ತ್ರಿ ಜಾಕ್ ಹಾಕಿ ಎತ್ತಿದರು. ಹಾರೆ ಕೊಟ್ಟು ಮೀಟಿ ಪಾಟಾ, ಬುಷ್, ಯು ಬೋಲ್ಟ್ ಎಲ್ಲಾ ನೋಡಿದರು. ಬುಷ್ ಹೊಸದು, ಗಟ್ಟಿಯಾಗಿತ್ತು. ಏನೂ ಸಿಗಲಿಲ್ಲ. ಇಲ್ಲಿ ಬಹಳ ಜನ ಕೈ ಬಿಡುತ್ತಾರೆ. ಜಾಕ್ ಮೇಲೆ ಇರುವ ಗಾಡಿಯ ಪಾಟಾದ ಮೇಲೆ ಭಾರವೇ ಇಲ್ಲ, ಭಾರ ಬಿದ್ದಾಗ ಮಾತ್ರ ಅಲುಗಾಡುವುದು ಆಗ ಅಲುಗಾಡುವುದಿಲ್ಲ.

ದಾರಿ ತೋರಿಸಿದ್ದು ಮಾಲೀಕರ ಮಗಳು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಾಳೆ, ರಜೆಗೆ ಬಂದಿದ್ದಳು. ‘ಅಪ್ಪಾ, ಓಡುವಾಗಲೇ ನೋಡೋಣ’ ಅಂದಳು. ಒಂದು ಮರದ ಪಟ್ಟಿಯನ್ನು ಬಾಡಿಗೆ ಬಿಗಿದು, ಅದಕ್ಕೆ ಹಳೆ ಫೋನ್ ಕಟ್ಟಿ, ಎಡಗಡೆಯ ಹಿಂಚಕ್ರದ ಕಡೆಗೆ ಮುಖ ಮಾಡಿಟ್ಟಳು. ಚಕ್ರದ ನಡುವಿಗೆ ನೇರವಾಗಿ ಬಾಡಿಯ ಮೇಲೆ ಬಿಳಿ ಟೇಪಿನ ಒಂದು ಗೆರೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ಅಡಿಕೆ ಒಣಗಿಸುವ ಅಂಗಳದಲ್ಲೇ, ಹದಿನೈದು ಕಿಲೋಮೀಟರ್ ವೇಗದಲ್ಲಿ ಬಲಕ್ಕೆ ಸುತ್ತು ಹೊಡೆದು ಬ್ರೇಕ್ ಒತ್ತಿದೆವು. ಅಷ್ಟು ಸಾಕಾಯಿತು. ವಿಡಿಯೊ ನಿಧಾನ ಮಾಡಿ ನೋಡಿದಾಗ ಬ್ರೇಕ್ ಒತ್ತಿದ ಕೂಡಲೇ ಚಕ್ರದ ನಡು ಟೇಪಿನ ಗೆರೆ ಬಿಟ್ಟು ಹಿಂದಕ್ಕೆ ಸರಿಯುವುದು ಕಾಣಿಸಿತು. ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ. ಫೋನನ್ನು ಬಲಗಡೆಗೆ ಕಟ್ಟಿ ಎಡಕ್ಕೆ ಸುತ್ತು ಹೊಡೆದೆವು. ಚಕ್ರ ಅಲುಗಾಡಲಿಲ್ಲ.

ಮೇಸ್ತ್ರಿ ಶಿರಸಿಗೇ ಬಂದರು. ಎಡ ಪಾಟಾದ ಮುಂತುದಿ ಬಾಡಿಗೆ ಸೇರುವಲ್ಲಿ ಹ್ಯಾಂಗರ್ ಇದೆ. ಅದರ ಮೇಲಿನ ಡಾಂಬರು ಬಣ್ಣ ಕೆರೆದರು. ಸ್ಕ್ರೂಡ್ರೈವರ್ ಒತ್ತಿದರು. ಅದು ತಗಡಿನೊಳಗೆ ಹಪ್ಪಳದೊಳಗೆ ಹೋದ ಹಾಗೆ ಹೋಯಿತು. ಕಾರವಾರದ ಚಪ್ಪರದಿಂದ ಹೊರಗೆ ಉಳಿದಿದ್ದ ಅದೇ ಮೂಲೆ.

ಏನಾಗುತ್ತಿತ್ತು ಅಂದರೆ, ಬಲತಿರುವಿನಲ್ಲಿ ಹಿಂಭಾಗದ ಭಾರ ಹೆಚ್ಚಾಗಿ ಎಡ ಹಿಂಚಕ್ರಕ್ಕೆ ಬರುತ್ತದೆ. ಕಾಲು ತೆಗೆದಾಗ ಅಥವಾ ಬ್ರೇಕ್ ಒತ್ತಿದಾಗ ಆ ಚಕ್ರ ಆಕ್ಸಲನ್ನು ಹಿಂದಕ್ಕೆ ಎಳೆಯುತ್ತದೆ. ಕೊಳೆತ ಹ್ಯಾಂಗರ್ ಬಿಟ್ಟುಕೊಡುತ್ತದೆ. ಆಕ್ಸಲ್‌ನ ಎಡತುದಿ ಹಿಂದೆ ಹೋದರೆ ಹಿಂಚಕ್ರಗಳು ಎರಡೂ ಸ್ವಲ್ಪ ಎಡಕ್ಕೆ ಮುಖ ಮಾಡುತ್ತವೆ. ಮುಂಚಕ್ರ ಬಲಕ್ಕೆ, ಹಿಂಚಕ್ರ ಎಡಕ್ಕೆ. ಬಾಲ ಹೊರಗೆ ಹೋಗದೆ ಇನ್ನೇನು ಮಾಡೀತು? ಮಾಲೀಕರು ಮೊದಲ ದಿನ ಹೇಳಿದ ‘ಎರಡನೇ ಸಲ ವಾಲುವುದು’ ಇದೇ. ಅವರ ಬೆನ್ನಿಗೆ ಜನವರಿಯಲ್ಲೇ ಗೊತ್ತಾಗಿತ್ತು. ಪಾಟಾಕ್ಕೆ ಎಲೆ ಸೇರಿಸಿ ನಾವು ಆ ಹ್ಯಾಂಗರಿನ ಮೇಲೆ ಭಾರ ಇನ್ನೂ ಹೆಚ್ಚಿಸಿದ್ದೆವು.

ಸರಿ ಮಾಡಿದ್ದು

ಕೊಳೆತ ತಗಡನ್ನು ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ ತೆಗೆದು, ದಪ್ಪ ಪ್ಲೇಟಿನಲ್ಲಿ ಹೊಸ ಹ್ಯಾಂಗರ್ ಮಾಡಿ ವೆಲ್ಡ್ ಮಾಡಿಸಿದೆವು. ಸೇರಿಸಿದ್ದ ಎಲೆ ತೆಗೆದೆವು. ಕತ್ತರಿಸಿದ ಸ್ಪ್ರಿಂಗ್ ಎಸೆದು ಕಂಪನಿ ಅಳತೆಯ ಹಳೆ ಜೋಡಿ ಹುಡುಕಿ ತಂದೆವು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ತನಕ ಓಡಿದ್ದರಿಂದ ಸಾಮಾನು ಇನ್ನೂ ಸಿಗುತ್ತದೆ, ತಾಳ್ಮೆ ಬೇಕು. ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸದು. ಇದಕ್ಕೆ ಹಣ ಕೊಟ್ಟದ್ದು ಸಾರ್ಥಕ. ಶಾಕ್ ಅಬ್ಸಾರ್ಬರ್ ಕೊನೆಗೆ ಎಷ್ಟು ವಾಲಬೇಕು ಅನ್ನುವುದನ್ನು ಬದಲಿಸುವುದಿಲ್ಲ, ಎಷ್ಟು ಬೇಗ ವಾಲಬೇಕು ಅನ್ನುವುದನ್ನು ಬದಲಿಸುತ್ತದೆ. ಕೋನ್‌ಗಳ ನಡುವೆ ಎಡ ಬಲ ಎಡ ಅಂತ ಹೊರಳಿಸುವಾಗ ಓಡಿಸುವವರಿಗೆ ಬೇಕಾದದ್ದು ಅದೇ. ಸ್ಟೇರಿಂಗ್ ತಿರುಗಿಸಿದಾಗ ಮುಂಚಕ್ರ ಯಾವುದರ ಮೇಲೆ ತಿರುಗುತ್ತದೋ ಆ ಕಿಂಗ್ ಪಿನ್ ಸವೆದಿತ್ತು, ಬದಲಿಸಿದೆವು. ಆಮೇಲೆ ವೀಲ್ ಅಲೈನ್‌ಮೆಂಟ್.

ಬಾರ್ ವಿಷಯದಲ್ಲಿ ಚರ್ಚೆ ಆಯಿತು. ಮೇಸ್ತ್ರಿಗೆ ಹಳೆಯ 16 ಸಾಕು. ಮಗಳು 18 ಅಂದಳು, ಸ್ಪ್ರಿಂಗ್ ಉಕ್ಕಿನಲ್ಲಿ. ಅದು ಹಳೆಯದರ 1.6 ಪಟ್ಟು. ಮಾಲೀಕರು ಮೊದಲು 16ರಲ್ಲೇ ಎರಡು ವಾರ ಓಡಿಸಿ, ಆಮೇಲೆ 18 ಹಾಕಿ, ಅದೇ ಬಯಲು, ಅದೇ ಕೋನ್, ಅದೇ ಟೈರ್ ಗಾಳಿ ಇಟ್ಟು ಹೋಲಿಸಿದರು. ಉಳಿದದ್ದನ್ನೆಲ್ಲ ಹಾಗೇ ಇಟ್ಟು ಒಂದೇ ಬದಲಾವಣೆ ಮಾಡಿ ಹೋಲಿಸಿದ್ದು ಇದೇ ಮೊದಲು. 18 ಉಳಿಯಿತು.

ನವೆಂಬರಿನಲ್ಲಿ ಅದೇ ಸುತ್ತು 70 ಸೆಕೆಂಡಿಗೆ ಬಂತು. ವಾಲಾಟ ಅಳೆದರೆ 5 ಡಿಗ್ರಿ. ಏಪ್ರಿಲ್‌ನ 4ಕ್ಕಿಂತ ಜಾಸ್ತಿ ವಾಲುತ್ತದೆ, ಆಗಿನದಕ್ಕಿಂತ ಬೇಗ ಓಡುತ್ತದೆ. ಗಾಡಿ ಒಂದೇ ಸಲ ವಾಲಿ ನಿಲ್ಲುತ್ತದೆ, ಎರಡೂ ಬದಿಗೆ ಒಂದೇ ಥರ. ಹೊರಗೆ ನಿಂತವರು ಈಗಲೂ ಪಲ್ಟಿ ಅಂತ ಕೂಗುತ್ತಾರೆ. ಮಾಲೀಕರನ್ನು ಹೇಗಿದೆ ಅಂತ ಕೇಳಿದರೆ ‘ಅಡ್ಡಿಲ್ಲ’ ಅನ್ನುತ್ತಾರೆ. ನಮ್ಮ ಕಡೆ ಅದು ದೊಡ್ಡ ಹೊಗಳಿಕೆ.

ಇದರಿಂದ ನನ್ನ ಬರೆಯುವ ಕ್ರಮ ಬದಲಾಗಿದೆ. ಗಾಡಿ ತಪ್ಪಿದಾಗ ಯಾವ ಬದಿಗೆ, ಯಾವ ಕಾಲು ಎಲ್ಲಿ, ತಿರುವಿಗೆ ಹೋಗುವಾಗಲೋ ನಡುವಿನಲ್ಲೋ ಹೊರಗೆ ಬರುವಾಗಲೋ ಅಂತ ಮೂರು ಕಾಲಂ ಹಾಕಿದ್ದೇನೆ. ಓಡಿಸುವವರು ಹೇಳಿದ ಮಾತನ್ನು ಅವರದೇ ಶಬ್ದದಲ್ಲಿ ಬರೆಯುತ್ತೇನೆ, ನನ್ನ ವಿವರಣೆಯನ್ನು ಬೇರೆ ಪುಟದಲ್ಲಿ. ಸ್ಟೆಬಿಲೈಜರ್ ಬಾರ್ ಬಗ್ಗೆ ಯಾರಾದರೂ ಕೇಳಿದರೆ ಮೊದಲು ಹ್ಯಾಂಗರ್ ಕೆರೆದು ನೋಡಿದ್ದೀರಾ ಅಂತ ಕೇಳುತ್ತೇನೆ, ಅದರಲ್ಲೂ ಗಾಡಿ ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳ ಕಡೆ ಇದ್ದದ್ದಾದರೆ. ಕಪ್ಪು ಬಣ್ಣ ಬಳಿದ ಅಡಿಭಾಗವನ್ನು ನಾನು ಇನ್ನು ನಂಬುವುದಿಲ್ಲ.

ಬಲಗಡೆಯ ಹ್ಯಾಂಗರಿನ ಬಣ್ಣವನ್ನೂ ಮೇಸ್ತ್ರಿ ಆಗಲೇ ಕೆರೆದು ನೋಡಿದ್ದರು. ಸ್ಕ್ರೂಡ್ರೈವರ್ ಒಳಗೆ ಹೋಗಲಿಲ್ಲ, ಆದರೆ ತಗಡಿನ ಅಂಚಿನಲ್ಲಿ ಕಂದು ಪುಡಿ ಉದುರಿತ್ತು. ಅದನ್ನು ಬಣ್ಣ ಹೊಡೆಯದೆ ಹಾಗೇ ಬಿಟ್ಟು, ಬರೀ ಗ್ರೀಸ್ ಸವರಿ ಇಟ್ಟಿದ್ದೇವೆ, ಕಣ್ಣಿಗೆ ಕಾಣುತ್ತಿರಲಿ ಅಂತ. ಅಡಿಕೆ ಕೊಯ್ಲು ಮುಗಿದ ಮೇಲೆ ಅದನ್ನೂ ಬಿಚ್ಚುತ್ತೇವೆ.